ಫಕ್ಕೀರೇಶಣ್ಣನ ದನಿಯ ಮೂರು ಪ್ರತಿ

ಒಂದು ಊರಿನ ನೆನಪೆಲ್ಲ ಆ ಊರಿನ ಮನೆಗಳಲ್ಲೇ ಇದ್ದರೆ ಹೇಗೆ? ನಮ್ಮ ಫೋಟೋ, ನಮ್ಮ ಕಾಗದಪತ್ರ, ನಮ್ಮ ದನಿಯನ್ನೆಲ್ಲ ಕಂಡಿಲ್ಲದ ದೇಶದ ಯಾವುದೋ ಕಟ್ಟಡದಲ್ಲಿಟ್ಟು, ಅವರು ಬಾಗಿಲು ಹಾಕಿದ ದಿನ ಬಾಯಿ ಬಡಿದುಕೊಳ್ಳುವ ಉಸಾಬರಿ ಏಕೆ? ಗದಗ-ಬೆಟಗೇರಿಯ ಜನ ಹೀಗೆ ಯೋಚಿಸಿ ಸಹಕಾರಿ ಸಂಘ ಕಟ್ಟಿದರು, ಮನೆಗೊಂದು ಪೆಟ್ಟಿಗೆ ಕೂಡಿಸಿದರು. ಜೋಳದ ಹಿಟ್ಟಿನ ಡಬ್ಬಿಯಷ್ಟು ದೊಡ್ಡದು, ಬೂದು ಬಣ್ಣ, ಸದಾ ಗುಂಯ್ ಅನ್ನುತ್ತಿರುತ್ತದೆ. ಗುಡ್ಡದ ಮೇಲಿನ ಗಾಳಿಯಂತ್ರಗಳ ಕರೆಂಟು ಅದಕ್ಕೆ ಸಾಕು. ಈ ಏರ್ಪಾಟಿನ ಹೆಸರು ‘ಗೂಡು’. ಅದರ ನಿಯಂತ್ರಣ ಕೊಠಡಿಯಲ್ಲಿ ಕೂತು ಪೆಟ್ಟಿಗೆ ಕಾಯುವವಳು ನಾನು, ಕಸ್ತೂರಿ ಬಿಂಕದಕಟ್ಟಿ. ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಈ ಊರಿನವರ ಜೊತೆ ಮೆತ್ತಗೆ ಮಾತಾಡಿ ಯಾರಾದರೂ ಒಂದು ಕೆಲಸ ಮಾಡಿಸಿಕೊಳ್ಳಲಿ, ನೋಡೋಣ.

ಒಂದೊಂದು ಮನೆಯ ಸಾಮಗ್ರಿಗೆ ನಾವು ‘ಗಂಟು’ ಅನ್ನುತ್ತೇವೆ. ಪ್ರತಿ ಗಂಟಿಗೂ ಮೂರು ಪ್ರತಿ. ಮೂರೂ ಬೇರೆಯವರ ಮನೆಯ ಪೆಟ್ಟಿಗೆಗಳಲ್ಲಿ ಬೀಗ ಹಾಕಿಕೊಂಡು ಕೂತಿರುತ್ತವೆ. ಆದರೆ ಪೆಟ್ಟಿಗೆ ಬೇರೆಯಾದರೆ ಸಾಲದು, ಓಣಿಯೂ ಬೇರೆಯಾಗಬೇಕು. ಇಡೀ ಓಣಿಗೇ ಬೆಂಕಿ ಬಿದ್ದರೆ? ಟ್ರಾನ್ಸ್‌ಫಾರ್ಮರ್ ಸಿಡಿದರೆ? ಅದಕ್ಕೇ ಒಂದು ಓಣಿಯ ಪೆಟ್ಟಿಗೆಗಳನ್ನೆಲ್ಲ ಸೇರಿಸಿ ಒಂದು ಗುಂಪು ಮಾಡುತ್ತೇವೆ, ಒಂದು ಗಂಟಿನ ಎರಡು ಪ್ರತಿ ಒಂದೇ ಗುಂಪಿಗೆ ಬೀಳದಂತೆ ಯಂತ್ರವೇ ಹಂಚುತ್ತದೆ. ಮೂರು ಓಣಿಗಳಲ್ಲಿ ಒಮ್ಮೆಗೇ ಅನಾಹುತ ಆದೀತೇ? ಆಗದು ಎಂದೇ ಎಲ್ಲರೂ ನೆಮ್ಮದಿಯಾಗಿದ್ದೆವು.

ಒಂದು ಬೆಳಿಗ್ಗೆ ಪರದೆಯ ಮೇಲೆ ಒಂದು ಸಾಲು ಕೆಂಪಾಯಿತು. ‘ಹೊಂಬಳ ಗಂಟು: ಜೀವಂತ ಪ್ರತಿ ಇಲ್ಲ.’ ಯಂತ್ರಕ್ಕೇ ತಲೆ ಕೆಟ್ಟಿದೆ ಎಂದುಕೊಂಡು ಬೈದೆ. ಒಂದು ಪ್ರತಿ ಬೆಟಗೇರಿಯಲ್ಲಿ, ಒಂದು ಹಾತಲಗೇರಿ ನಾಕಾದ ಹತ್ತಿರ, ಇನ್ನೊಂದು ಸ್ಟೇಷನ್ ಕಡೆ ಇರಬೇಕಲ್ಲ? ಕೆದಕಿ ನೋಡಿದೆ. ಮೂರೂ ಪೆಟ್ಟಿಗೆಗಳು ಕೊನೆಯ ಸಲ ಸುದ್ದಿ ಕಳಿಸಿದ್ದು ಒಂದೇ ತಂತಿಯಿಂದ, ಕೋಟುಮಚಗಿಯವರ ಮನೆಯ ತಂತಿಯಿಂದ. ಸ್ಕೂಟರ್ ತೆಗೆದು ಓಡಿದೆ.

ಕೋಟುಮಚಗಿಯವರದು ತುಂಬಿದ ಮನೆ. ಅಣ್ಣತಮ್ಮಂದಿರು ಮೂವರು, ಸೊಸೆಯಂದಿರು ಮೂವರು. ನಾನು ಹೋದಾಗ ಮೂವರು ವಾರಗಿತ್ತಿಯರೂ ಸೀರೆ ಎತ್ತಿ ಕಟ್ಟಿ ನೀರು ಬಳಿಯುತ್ತಿದ್ದರು. ಮಾಳಿಗೆ ಮೇಲಿನ ಟಾಕಿ ಒಡೆದು, ಛತ್ತಿನಿಂದ ನೀರು ಇಳಿದು, ನಡುಮನೆಯ ಕಪಾಟಿನಲ್ಲಿ ಒಂದರ ಮೇಲೊಂದು ಇಟ್ಟಿದ್ದ ಪೆಟ್ಟಿಗೆಗಳ ಮೇಲೆಲ್ಲ ಸುರಿದಿತ್ತು. ಅವು ಮೂವರ ತವರಿನ ಪೆಟ್ಟಿಗೆಗಳು.

ಇದು ನಮ್ಮ ಮಂದಿಯ ಹೊಸ ರೂಢಿ. ಮಗಳನ್ನು ಕಳಿಸುವಾಗ ಹಂಡೆ, ಕೊಡ, ತಿಜೋರಿಯ ಜೊತೆ ಮನೆಯ ಹಳೆಯ ಪೆಟ್ಟಿಗೆಯನ್ನೂ ಕಳಿಸುತ್ತಾರೆ, ತಮಗೆ ಹೊಸದು ತಂದುಕೊಳ್ಳುತ್ತಾರೆ. ಮಗಳು ಆಡಿ ಬೆಳೆದಾಗಿನಿಂದ ಮನೆಯಲ್ಲಿ ಗುಂಯ್‌ಗುಟ್ಟಿದ ಪೆಟ್ಟಿಗೆ ಅವಳ ಜೊತೆಗಿರಲಿ ಎಂಬ ಆಸೆ. ಕಳಿಸಲಿ, ಬೇಡ ಅಂದವರು ಯಾರು? ಸಂಘಕ್ಕೆ ಬಂದು ಗುಂಪು ಬದಲಿಸಿಕೊಂಡು ಹೋಗಿ ಎಂದಷ್ಟೇ ನಾವು ಕೇಳಿದ್ದು.

“ಮೇಡಮ್ಮಾರ, ಒರಸೇವ್ರಿ. ಅಕ್ಕಿ ಚೀಲದಾಗೂ ಹುಗದ ಇಟ್ಟೇವ್ರಿ,” ಅಂದಳು ಹಿರಿಯ ಸೊಸೆ ಸುವರ್ಣಾ. ನೋಡಿದರೆ ನಿಜವಾಗಿಯೂ ಮೂಲೆಯ ಅಕ್ಕಿ ಚೀಲದಿಂದ ಎರಡು ಪೆಟ್ಟಿಗೆಯ ಮೂಲೆಗಳು ಇಣುಕುತ್ತಿದ್ದವು.

“ಸುವರ್ಣಕ್ಕಾರ, ಪೆಟ್ಟಗಿ ಗಂಡನ ಮನಿಗೆ ಬಂದ್ರ ಗುಂಪು ಬದಲಿ ಮಾಡಸ್ಬೇಕು ಅಂತ ಹೇಳಿರಲಿಲ್ಲೇನ್ರಿ ನಾವು?”

“ಹೇಳಿದ್ರಿ.”

“ಮತ್ತ?”

ಆಕೆ ಸೆರಗಿಗೆ ಕೈ ಒರೆಸಿಕೊಂಡಳು. “ತವರಿನ ಗುಂಪಿನಾಗಿಂದ ಹೆಸರು ತಗಸೂದೇನ್ರಿ? ನಮ್ಮವ್ವ ನಮ್ಮಪ್ಪ ಇನ್ನೂ ಗಟ್ಟಿಮುಟ್ಟಿ ಅದಾರ. ನಾನಾಗೇ ಬಂದು ನನ್ನ ಹೆಸರು ಅಲ್ಲಿಂದ ಅಳಸ್ರಿ ಅಂತ ಯಾವ ಬಾಯಿಲೆ ಹೇಳ್ಲಿ?”

ಉಳಿದಿಬ್ಬರೂ ತಲೆ ತಗ್ಗಿಸಿ ಹೂಂಗುಟ್ಟಿದರು. ಜನ್ಮ ಜಾಲಾಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅದನ್ನೆಲ್ಲ ಬಿಟ್ಟು ಕಪಾಟಿನ ಕಡೆ ನೋಡಿದೆ. ಪೆಟ್ಟಿಗೆಗಳು ಈ ಕಪಾಟಿನಲ್ಲಿ, ಅವುಗಳ ಹೆಸರು ಮೂರು ತವರುಗಳಲ್ಲಿ. ಯಂತ್ರ ಪಾಪ ಹೆಸರು ನೋಡಿ ಹಂಚಿದೆ.

“ಯಾರ ಗಂಟು ಹೋತ್ರಿ?” ಎಂದಳು ಸುವರ್ಣಾ.

ಈ ಪೆಟ್ಟಿಗೆಗಳಲ್ಲಿದ್ದ ಬೇರೆಲ್ಲ ಗಂಟುಗಳಿಗೂ ಊರಲ್ಲಿ ಇನ್ನೊಂದು ಪ್ರತಿ ಉಳಿದಿತ್ತು. ಮೂರೂ ಇಲ್ಲೇ ಬಂದು ಬಿದ್ದಿದ್ದು ಒಬ್ಬರದು ಮಾತ್ರ. “ಖಾನಾವಳಿ ಫಕ್ಕೀರೇಶಣ್ಣಂದು,” ಅಂದೆ.

“ಅಯ್ಯ ಶಿವನ! ಲೀಲಕ್ಕನ ಗಂಡನ ದನಿ!” ಎಂದಳು ಸುವರ್ಣಾ.

ಫಕ್ಕೀರೇಶ ಹೊಂಬಳರ ಖಾನಾವಳಿ ಗೊತ್ತಿಲ್ಲದವರು ನಮ್ಮೂರಲ್ಲಿ ಇಲ್ಲ. ಒಳಗೆ ಹೆಂಡತಿ ಶಿವಲೀಲಕ್ಕ ರೊಟ್ಟಿ ಬಡಿಯುತ್ತಾರೆ, ಹೊರಗೆ ಗಂಡ ಬಡಿಸುತ್ತಾರೆ. ಶಿವಲೀಲಕ್ಕನಿಗೆ ಹುಟ್ಟಿನಿಂದ ಕಣ್ಣು ಕಾಣದು. ಕೃತಕ ಕಣ್ಣು ಬಂದ ಕಾಲದಲ್ಲಿ ದಾಕ್ತರರು ನೋಡಿ, ನರವೇ ಇಲ್ಲ, ಕೂರದು ಅಂದರು. ರೊಟ್ಟಿ ಬೆಂದಿದ್ದನ್ನು ವಾಸನೆಯಲ್ಲಿ, ಗಂಡನ ಮುಖವನ್ನು ದನಿಯಲ್ಲಿ ನೋಡುವ ಹೆಣ್ಣುಮಗಳು. ಕೆಲವು ವರ್ಷಗಳ ಹಿಂದೆ ಫಕ್ಕೀರೇಶಣ್ಣನಿಗೆ ಗಂಟಲಿನ ಕ್ಯಾನ್ಸರ್ ಆಗಿ ದನಿಪೆಟ್ಟಿಗೆಯನ್ನೇ ತೆಗೆದರು. ತೆಗೆಯುವ ಮೊದಲು ಅವರ ದನಿಯನ್ನು ತುಂಬಿಸಿಟ್ಟುಕೊಂಡಿದ್ದರು. ಈಗ ಕೊರಳಿಗೆ ಒಂದು ಪಟ್ಟಿ ಕಟ್ಟಿಕೊಂಡು ಅವರು ಬಾಯಿ ಆಡಿಸಿದರೆ, ಸ್ನಾಯು ಅಲುಗಿದ್ದನ್ನು ಪಟ್ಟಿ ಓದಿ, ಗೂಡಿನಿಂದ ಅವರ ದನಿ ತರಿಸಿಕೊಂಡು ಮಾತಾಡುತ್ತದೆ. ಅಷ್ಟು ದೊಡ್ಡ ಗಂಟನ್ನು ಇಟ್ಟುಕೊಳ್ಳಲು ಪಟ್ಟಿಯಲ್ಲೇ ಜಾಗವಿಲ್ಲ.

ನಾನು ಖಾನಾವಳಿ ಮುಟ್ಟುವಷ್ಟರಲ್ಲಿ ಅಲ್ಲಿ ರಂಪ ನಡೆದಿತ್ತು. ಗಂಟು ಸಿಗದ ಪಟ್ಟಿ ತನ್ನ ಕಾರ್ಖಾನೆಯ ದನಿಯಲ್ಲಿ ಮಾತಾಡತೊಡಗಿತ್ತು. ಒಳ್ಳೆ ಶುದ್ಧ, ಇಸ್ತ್ರಿ ಮಾಡಿದ ದನಿ.

“ಕಸ್ತೂರಿ, ಬಂದೇನವ್ವಾ?” ಒಲೆಯ ಮುಂದೆ ಕೂತಿದ್ದ ಶಿವಲೀಲಕ್ಕ ನನ್ನ ಹೆಜ್ಜೆ ಗುರುತಿಸಿ ಅಂದರು. “ಇದೇನ್ ಬಂತವ್ವಾ ನಮ್ಮನಿಗೆ! ರೈಲ್ವೆ ಸ್ಟೇಷನ್ನಿನಾಗ ಕುಂತಂಗ ಆಗೇತಿ. ಯಾವನೋ ಪರಗಂಡಸು ಬೆನ್ನ ಹಿಂದ ನಿಂತು ‘ಲೀಲಾ’ ಅಂತ ಕರೀತಾನ. ಕೈಯಾಗಿನ ರೊಟ್ಟಿ ಒಗದು ಚೀರಿಬಿಟ್ಟೆ.”

ಬಾಗಿಲಲ್ಲಿ ನಿಂತಿದ್ದ ಫಕ್ಕೀರೇಶಣ್ಣ ನನ್ನತ್ತ ನೋಡಿದರು. ಪಟ್ಟಿಯ ಗುಂಡಿಯನ್ನು ತಾವೇ ಆರಿಸಿಬಿಟ್ಟಿದ್ದರು. ಹೆಂಡತಿ ಬೆಚ್ಚುತ್ತಾಳೆಂದು ಆಮೇಲೆ ಅದನ್ನು ಹೊತ್ತಿಸಲೇ ಇಲ್ಲ. ಬೇರೆ ಧ್ವನಿಮುದ್ರಿಕೆ ಏನಾದರೂ ಇದೆಯೇ ಎಂದು ನಾನು ಊರೆಲ್ಲ ಹುಡುಕಿದೆ. ಮನೆಯ ವಿಡಿಯೋಗಳೆಲ್ಲ ಅದೇ ಗಂಟಿನಲ್ಲಿ ಹೋಗಿದ್ದವು. ಗಿರಾಕಿಗಳು ತೆಗೆದಿದ್ದರಲ್ಲಿ ತಾಟಿನ ಸಪ್ಪಳವೇ ಹೆಚ್ಚು, ದನಿ ಎಲ್ಲೋ ಒಂದೆರಡು ಕಡೆ. ಮೂರೂ ಪೆಟ್ಟಿಗೆಗಳನ್ನು ಹುಬ್ಬಳ್ಳಿಯ ಜಾವೀದ್ ನದಾಫನಿಗೆ ಕಳಿಸಿದೆ. ನೀರು ಕುಡಿದ ಡಿಸ್ಕುಗಳಿಗೆ ಜೀವ ಕೊಡುವುದು ಅವನ ಕಸುಬು. “ನೋಡ್ತೀನಿ ಅಕ್ಕಾ, ಆಸೆ ಇಟ್ಕೊಬ್ಯಾಡ್ರಿ,” ಅಂದ.

ಆಮೇಲೊಂದು ಮಧ್ಯಾಹ್ನ ಊಟಕ್ಕೆ ಹೋದಾಗ ಶಿವಲೀಲಕ್ಕ ನನ್ನ ಕೈ ಹಿಡಿದು ಒಳಗೆ ಕೂರಿಸಿಕೊಂಡರು. “ಅವರು ಮನ್ಯಾಗ ಅದಾರೋ ಇಲ್ಲೋ ನನಗ ತಿಳೀವಲ್ತು, ಕಸ್ತೂರಿ. ಬಾಜೂಕ ಕುಂತಿದ್ರೂ ತಿಳೀವಲ್ತು. ಬಂದು ಕೈ ಮುಟ್ತಾರ, ನಾ ಬೆಚ್ಚತೀನಿ. ಬೆಚ್ಚಿದ್ನಲ್ಲ ಅಂತ ಅವರು ದೂರ ಸರೀತಾರ. ಹಿಂಗ ಆದ್ರ ನಾನು ಇದ್ದ ಗಂಡನ್ನ ಕಳಕೊಂಡಂಗ ಆತಲ್ಲ?” ಎಂದು ಅತ್ತುಬಿಟ್ಟರು. ನಾನೂ ಅತ್ತೆ.

ಅತ್ತು ಮುಗಿಸಿ ಎದ್ದಾಗ ಹೊಳೆಯಿತು. ಹೊಸ ದನಿ ಕಟ್ಟುವ ಸಾಧನ ನಮ್ಮಲ್ಲಿದೆ. ದಪ್ಪ, ತೆಳು, ಮೂಗು, ಎದೆ ಎಲ್ಲ ತಿರುವಿ ಸರಿಮಾಡಬಹುದು. ಆದರೆ ಯಾವುದಕ್ಕೆ ಹೊಂದಿಸಿ ತಿರುವುವುದು? ಕೇಳಿ ಹೇಳುವವರು ಬೇಕಿತ್ತು. ಇವರಿಗಿಂತ ಬೇರೆ ಕಿವಿ ಎಲ್ಲಿದೆ?

ಇಬ್ಬರನ್ನೂ ನಿಯಂತ್ರಣ ಕೊಠಡಿಗೆ ಕರೆತಂದೆ. ಫಕ್ಕೀರೇಶಣ್ಣ ಪಟ್ಟಿ ಕಟ್ಟಿಕೊಂಡು ಸುಮ್ಮನೆ ಬಾಯಿ ಆಡಿಸಬೇಕು, ನಾನು ತಿರುವಬೇಕು, ಶಿವಲೀಲಕ್ಕ ಹೇಳಬೇಕು. ಮೊದಲ ದಿನ ಬರೀ ಫಜೀತಿ.

“ಬಾಳ ತೆಳು ಆತು. ಅವರದು ಎದೀಯಿಂದ ಬರ್ತಿತ್ತು.”

“ಈಗ್ರಿ?”

“ಮೂಗು ಕಡಿಮಿ ಮಾಡವ್ವಾ, ಮದುವಿ ಮಾಡಸೋ ಅಯ್ಯನೋರು ಬಂದಂಗ ಆತು.”

“ಇದು?”

“ಥೂ! ಇದು ನಮ್ಮ ಮೈದುನಂದು!”

ಫಕ್ಕೀರೇಶಣ್ಣ ಹೊಟ್ಟೆ ಹಿಡಿದು ನಕ್ಕರು. ನಗೆಯೂ ಮೈದುನನ ದನಿಯಲ್ಲೇ ಬಂತು, ಅದಕ್ಕೆ ಮತ್ತೆ ಮೂವರೂ ನಕ್ಕೆವು. ಹೀಗೆ ಖಾನಾವಳಿಯ ಊಟದ ಹೊತ್ತು ಮುಗಿದ ಮೇಲೆ ಇಬ್ಬರೂ ಬರುತ್ತಿದ್ದರು. ಹಿಟ್ಟು ನಾದುವವರ ಹಾಗೆ ಶಿವಲೀಲಕ್ಕ ಆ ದನಿಯನ್ನು ತಿದ್ದಿದರು. ಇನ್ನೊಂಚೂರು ಬಿಗಿ, ಸಾಕು, ಈಗ ಸಡಿಲ. ಒಂದು ಸಂಜೆ ಫಕ್ಕೀರೇಶಣ್ಣ “ಲೀಲಾ” ಅಂದಾಗ ಆಕೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು.

“ಬಂದ್ರು,” ಅಂದರು. “ಕಸ್ತೂರಿ, ಕೈ ತಗಿ. ಇನ್ನ ಏನೂ ಮುಟ್ಟಬ್ಯಾಡ. ಬಂದ್ರು.”

ನಾನು ಕಾಲೇಜಿನ ಕಾಲದಿಂದ ಅಲ್ಲಿ ಉಂಡವಳು. ಫಕ್ಕೀರೇಶಣ್ಣನ ದನಿ ನನಗೆ ಗೊತ್ತಿಲ್ಲವೇ? ಅದು ಒಡಕು ದನಿ, ಗುಡುಗು ದನಿ. ಬೀದಿಯ ಆಚೆ ನಿಂತವರಿಗೂ ಇವತ್ತಿನ ಪಲ್ಯ ಏನೆಂದು ತಿಳಿಯುತ್ತಿತ್ತು. ಈಗ ಕೇಳಿದ್ದು ಮೆತ್ತನೆಯ, ಹುಡುಗು ಹುಡುಗಾದ, ತುಸು ನಾಚಿಕೊಂಡ ದನಿ. ಅಣ್ಣನ ಮುಖ ನೋಡಿದೆ. ಅವರಿಗೂ ತಿಳಿದಿತ್ತು. ಹೇಳಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡೆ.

ಹೊಸ ಗಂಟಿನ ಎರಡು ಪ್ರತಿಗಳನ್ನು ಎರಡು ಗುಂಪುಗಳಲ್ಲಿಟ್ಟೆ. ಈ ಸಲ ಪರದೆಯನ್ನು ನಂಬದೆ ಎರಡೂ ಮನೆಗೆ ಹೋಗಿ, ಪೆಟ್ಟಿಗೆ ಮುಟ್ಟಿ ನೋಡಿ ಬಂದೆ. ಮೂರನೆಯ ಜಾಗವನ್ನು ಸುವರ್ಣಾಳ ಪೆಟ್ಟಿಗೆಯ ಹೆಸರಲ್ಲೇ ಬಿಟ್ಟೆ. ಅದನ್ನು ತೆಗೆದರೆ ಜಾವೀದನ ಹತ್ತಿರವಿದ್ದ ಡಿಸ್ಕಿನ ಬೀಗ ಮತ್ತೆ ತೆರೆಯದು. ಹಾಗೆಯೇ ಪೆಟ್ಟಿಗೆಗಳ ಯಾದಿಯಲ್ಲಿ ಎರಡು ಅಂಕಣ ಮಾಡಿಸಿದೆ: ‘ತವರು’ ಒಂದು, ‘ಈಗಿರುವ ಮನೆ’ ಒಂದು. ಯಂತ್ರ ಗುಂಪು ಮಾಡುವುದು ಎರಡನೆಯದನ್ನು ನೋಡಿ. ಮೊದಲನೆಯದು ಲೆಕ್ಕಕ್ಕಿಲ್ಲ, ಆದರೆ ದೊಡ್ಡ ಅಕ್ಷರದಲ್ಲಿ ಕಾಣುತ್ತದೆ. ಸುವರ್ಣಾ ಬಂದು ಪರದೆಯ ಮೇಲೆ ತನ್ನ ತವರಿನ ಹೆಸರು ಮುಟ್ಟಿ ನೋಡಿದಳು, ಆಮೇಲೆ ಊರಿನ ಸೊಸೆಯಂದಿರನ್ನೆಲ್ಲ ಆಕೆಯೇ ಕರೆದುಕೊಂಡು ಬಂದಳು.

ಖಾನಾವಳಿಯಲ್ಲಿ ಗಿರಾಕಿಗಳಿಗೆ ಚೇಷ್ಟೆಗೆ ಒಂದು ವಿಷಯ ಸಿಕ್ಕಿತು. “ಏನ್ ಫಕ್ಕೀರೇಶಣ್ಣ, ಮದುಮಗ ಆಗೀರಲ್ರೀ!” ಅನ್ನುವರು. ಅಣ್ಣ ನಕ್ಕು, ಮೆಲ್ಲಗೆ “ಇನ್ನೊಂದ್ ರೊಟ್ಟಿ ಹಾಕ್ಲಿ?” ಅನ್ನುವರು. ಒಳಗೆ ಶಿವಲೀಲಕ್ಕ ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಮೊದಲಿನ ಲಯಕ್ಕೆ ಬಂದಿತ್ತು. ಪಟ್ಟಿ ಅಣ್ಣನ ಕೊರಳಿನ ಬಿಗಿತಗಳನ್ನು ದಿನದಿನಕ್ಕೆ ಕಲಿಯುತ್ತಿರುತ್ತದೆ, ಗಂಟು ಅಷ್ಟಷ್ಟೇ ಬೆಳೆಯುತ್ತಿರುತ್ತದೆ. ಎಲ್ಲ ಸರಿಹೋಯಿತು ಎಂದುಕೊಂಡೆ.

ಆಗ ಜಾವೀದನ ಫೋನು ಬಂತು. “ಅಕ್ಕಾ, ಒಂದು ಡಿಸ್ಕ್ ಉಸಿರಾಡಾಕತ್ತೈತಿ. ಸುವರ್ಣಕ್ಕಂದು. ದನಿ ಅಷ್ಟ ಉಳದೈತಿ, ಫೋಟೋ ವಿಡಿಯೋ ಎಲ್ಲ ಹೋಗ್ಯಾವು. ಒಂದು ತುಣುಕು ಹೊರಗ ತಗದು ಕಳಸೀನಿ, ಕೇಳ್ರಿ.”

ಕೇಳಿದೆ. ಗುಡುಗು ದನಿ. ಖುಷಿಪಡುವ ಹಾಗಿರಲಿಲ್ಲ. ಯಾಕೆಂದರೆ ಪ್ರತಿಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಗೂಡು ಹೆಚ್ಚು ಮಂದಿಯ ಮಾತು ಕೇಳುತ್ತದೆ. ಹೊಸ ದನಿ ಎರಡು ಪೆಟ್ಟಿಗೆಯಲ್ಲಿ, ಹಳೆಯದು ಒಂದರಲ್ಲಿ. ಆ ಡಿಸ್ಕನ್ನು ಜೋಡಿಸಿದ ಕ್ಷಣ ಯಂತ್ರ ಅದನ್ನೇ ಕೆಟ್ಟ ಪ್ರತಿ ಎಂದು ಬಗೆದು, ಮೇಲೆ ಹೊಸದನ್ನು ಬರೆದುಬಿಡುತ್ತದೆ. ಹಳೆಯದು ಉಳಿಯಬೇಕಾದರೆ ನಾನು ಮೊದಲೇ ‘ಈ ಒಂದೇ ಸರಿ’ ಎಂದು ಆಜ್ಞೆ ಕೊಡಬೇಕು. ಆಗ ಹೊಸದು ಅಳಿಯುತ್ತದೆ. ಎರಡನ್ನೂ ಇಟ್ಟುಕೊಳ್ಳಲು ಕಾನೂನು ಒಪ್ಪದು. ದನಿಯೇ ಸಹಿಯಾಗಿರುವ ಕಾಲ ಇದು, ಒಬ್ಬರಿಗೆ ಒಂದೇ ದನಿ.

ಡಿಸ್ಕು ಊರಿಗೆ ಬಂದ ದಿನ ಊಟದ ಹೊತ್ತು ಮುಗಿದ ಮೇಲೆ ಖಾನಾವಳಿಗೆ ಹೋದೆ. ಇಬ್ಬರನ್ನೂ ಕೂರಿಸಿ ಇದ್ದದ್ದು ಇದ್ದಂತೆ ಹೇಳಿದೆ. ತುಣುಕು ಕೇಳಿಸಿದೆ.

“ಏ ಲೀಲಾ! ಮಂದಿ ಕೈ ತೊಳಕೊಂಡು ಕುಂತಾರ! ರೊಟ್ಟಿ ಇವತ್ತ ಕೊಡ್ತೀಯೋ, ಮುಂದಿನ ವರ್ಷ ಕೊಡ್ತೀಯೋ?”

ಶಿವಲೀಲಕ್ಕ ದನಿ ಬಂದ ಕಡೆ ತಿರುಗಿದರು. “ಅಯ್ಯ ನಮ್ಮವ್ವಾ! ಇವರ. ಇವರ ನೋಡ್ರಿ!” ಎಂದು ಕೈ ಚಾಚಿ ಗಾಳಿಯಲ್ಲಿ ತಡಕಿದರು. ಆಮೇಲೆ ಅವರ ಮುಖ ಸಣ್ಣದಾಯಿತು. “ಹಂಗಾರ ನಾ ಮಾಡಿದ್ದು ಯಾರ್ನ? ಹೆಣ್ಣು ನೋಡಾಕ ಬಂದಾಗ ಬಾಗಿಲದಾಗ ನಿಂತು ‘ನಿನಗ ಒಪ್ಪಿಗಿ ಐತೇನು’ ಅಂತ ಕೇಳಿದ್ನಲ್ಲ, ಆ ಹುಡುಗನ್ನ ಮಾಡಿ ಇಟ್ಟೀನಿ. ನೀವು ಸುಮ್ಮನ ಅದನ್ನ ಕೊರಳಾಗ ಹಾಕ್ಕೊಂಡು ತಿರುಗೀರಿ. ಒಂದ್ ಮಾತು ಹೇಳಬಾರದ?”

ಫಕ್ಕೀರೇಶಣ್ಣ ತಲೆ ಎತ್ತಲಿಲ್ಲ. “ನಾ ಹಿಂಗ ಒದರ್ತಿದ್ನ ಲೀಲಾ?” ಎಂದರು ಆ ಮೆತ್ತನೆಯ ದನಿಯಲ್ಲಿ. “ಒಲಿ ಮುಂದ ಬೆವರು ಹರಸ್ಕೊಂತ ಕುಂತಾಕಿಗೆ ಹಿಂಗ ಒದರ್ತಿದ್ನ? ದಿನಾ?”

“ಅದೇನ್ ದೊಡ್ಡ ಮಾತು ಬಿಡ್ರಿ.”

“ಕಸ್ತೂರಿ, ಈ ಹೊಸದ ಇರಲಿ. ಅದನ್ನ ಅಳಸು.”

“ಏ, ಅಳಸಬ್ಯಾಡವ್ವಾ!” ಶಿವಲೀಲಕ್ಕ ನನ್ನ ಮೊಣಕೈ ಹಿಡಿದರು. “ನನಗ ನನ್ನ ಗಂಡ ಬೇಕು. ಒದರೋ ಗಂಡನ ಬೇಕು.”

“ನಾ ಹೇಳ್ತೀನಲ್ಲ, ನನಗ ಆ ದನಿ ಬ್ಯಾಡ.”

“ದನಿ ನಿಮ್ಮದಿರಬಹುದು. ಕೇಳಾಕಿ ನಾನು.”

“ಲೀಲಾ, ಹಟ ಮಾಡಬ್ಯಾಡ.”

“ಮಾಡ್ತೀನಿ.”

ನಾನು ನಡುವೆ ಸಿಕ್ಕಿಬಿದ್ದು ಇವರ ಮುಖ ಅವರ ಮುಖ ನೋಡುತ್ತಿದ್ದೆ. ಅಣ್ಣನ ಕೊರಳಿನ ನರ ಉಬ್ಬಿತು. ಮೇಜಿನ ಮೇಲೆ ಕೈ ಬಿತ್ತು.

“ಏ! ಒಂದ್ ಸಲ ಹೇಳಿದ್ರ ತಿಳಿಯಂಗಿಲ್ಲೇನ ನಿನಗ!”

ತಾಟುಗಳು ಅದುರಿದವು. ಮೆತ್ತನೆಯ ದನಿ ಎಲ್ಲೋ ಹರಿದು, ಒಡಕಾಗಿ, ಛತ್ತಿಗೆ ಬಡಿದು ಕೆಳಗೆ ಬಂತು. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು ಒಳಗೆ ಇಣುಕಿದರು. ಇಷ್ಟು ದಿನ ಅಣ್ಣ ಹೆಂಡತಿ ಮಾಡಿಕೊಟ್ಟ ದನಿಗೆ ತಕ್ಕಂತೆ ಕೊರಳು ಬಿಗಿಹಿಡಿದು ಮಾತಾಡಿದ್ದರು. ಕೊರಳಿನ ಹಳೆಯ ಸಿಟ್ಟನ್ನು ಪಟ್ಟಿ ಇವತ್ತೇ ಮೊದಲ ಸಲ ಓದಿತ್ತು. ಒದರಿದ್ದಕ್ಕೆ ಅವರೇ ಗಾಬರಿಯಾಗಿ, “ತಪ್ಪಾತು ಲೀಲಾ. ನೋಡು, ಇದಕ್ಕ ಬ್ಯಾಡ ಅಂದೆ,” ಎಂದು ಮತ್ತೆ ಆ ಹುಡುಗನ ದನಿಗೆ ಇಳಿದರು.

ಶಿವಲೀಲಕ್ಕ ಕಿವಿಯನ್ನು ಗಂಡನ ಕಡೆ ತಿರುಗಿಸಿ ಕೂತೇ ಇದ್ದರು. ಅವರ ಮುಖದಲ್ಲಿ ಮೆಲ್ಲಗೆ ನಗು ಬಂತು, ನಗುವಿನ ಜೊತೆಗೇ ಕಣ್ಣೀರು ಇಳಿಯಿತು.

“ಅಳಸಿಬಿಡವ್ವಾ ಕಸ್ತೂರಿ,” ಅಂದರು. “ಹಳೇದು ಹೋಗ್ಲಿ. ಅದರಾಗ ಒದರೋರು ಒಬ್ರ ಇದ್ರು. ಇದರಾಗ ಇಬ್ರೂ ಅದಾರ.”

ಡಿಸ್ಕನ್ನು ಜೋಡಿಸಲು ನಮ್ಮ ಕೊಠಡಿಗೆ ಫೋನು ಮಾಡಿ ಹೇಳಿದೆ. ಎರಡು ಪ್ರತಿ ಸೇರಿ ಮೂರನೆಯದನ್ನು ತಿದ್ದತೊಡಗಿದವು. ನನ್ನ ಕೈಯಲ್ಲಿದ್ದ ಪರದೆಯಲ್ಲಿ ಕೆಂಪು ಗೆರೆ ಅಷ್ಟಷ್ಟೇ ಹಸಿರಾಗುತ್ತಿತ್ತು. ಕೊನೆಗೆ ಗೆರೆಯೆಲ್ಲ ಹಸಿರಾಯಿತು.

“ಹೋತೇನವ್ವಾ?” ಕೇಳಿದರು ಶಿವಲೀಲಕ್ಕ.

“ಹೋತ್ರಿ.”

“ನನಗ ನೋವಾಗೇತಿ. ಸುಳ್ಳ ಯಾಕ ಹೇಳ್ಲಿ? ಆ ದನಿ ಜೋಡಿ ಇಷ್ಟ ವರ್ಷ ಬಾಳೇವು ಮಾಡೀನಿ.” ಸೆರಗಿನಿಂದ ಮುಖ ಒರೆಸಿಕೊಂಡು ಗಂಡನ ಕಡೆ ಕೈ ಚಾಚಿದರು. “ಒಂದ್ ಮಾತು ಕೊಡ್ರಿ ನನಗ. ಸಿಟ್ಟು ಬಂದಾಗ ಬಾಯಿಬಿಟ್ಟು ಒದರ್ಬೇಕು.”

ಫಕ್ಕೀರೇಶಣ್ಣ ಆ ಕೈಯನ್ನು ತಮ್ಮ ಕೊರಳಿನ ಪಟ್ಟಿಯ ಮೇಲೆ ಇಟ್ಟುಕೊಂಡರು. ಅವರು ಏನು ಹೇಳಿದರೋ ನನಗೆ ಕೇಳಿಸಲಿಲ್ಲ, ಅಷ್ಟು ಮೆಲ್ಲಗೆ ಹೇಳಿದರು. ಶಿವಲೀಲಕ್ಕನಿಗೆ ಕೇಳಿಸಿತು.